ಕಾರ್ ಶೆಡ್ಡು ವಾಸದ ಕೋಣೆಯಾಗುವ ಮುನ್ನ

ಮಾನ್ಯ ಸಂಪಾದಕರೇ,

ಮೈಸೂರಿನ ಬಡಾವಣೆಗಳ ರಸ್ತೆಗಳಲ್ಲಿ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿವೆ ಎಂದು ದೂರುವ ಪತ್ರಗಳು ತಮ್ಮ ಪತ್ರಿಕೆಯಲ್ಲಿ ಆಗಾಗ ಪ್ರಕಟವಾಗುತ್ತವೆ. ಆ ದೂರು ಸುಳ್ಳಲ್ಲ. ಆದರೆ ಅದೇ ಕಾರುಗಳಿಗೆಂದು ಕಾಂಪೌಂಡಿನೊಳಗೆ ಕಟ್ಟಿಸಿದ್ದ ಶೆಡ್ಡುಗಳು ಏನಾದವು, ಅವುಗಳಲ್ಲಿ ಈಗ ಯಾರು ವಾಸವಾಗಿದ್ದಾರೆ, ಯಾವ ಸ್ಥಿತಿಯಲ್ಲಿ ವಾಸವಾಗಿದ್ದಾರೆ ಎಂಬುದನ್ನು ಕುರಿತು ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಕಟ್ಟಡ ಕಾಮಗಾರಿಗಳ ಮೇಲ್ವಿಚಾರಣೆಯಲ್ಲೇ ಸರ್ವಿಸು ಮುಗಿಸಿ ಕುವೆಂಪುನಗರದಲ್ಲಿ ನೆಲೆಸಿರುವ ನನ್ನ ಬಳಿಗೆ, ಶೆಡ್ಡನ್ನು ಕೋಣೆ ಮಾಡಿಸುವ ಬಗ್ಗೆ ಸಲಹೆ ಕೇಳಿಕೊಂಡು ಅಕ್ಕಪಕ್ಕದವರು ಬರುವುದು ಈಚೆಗೆ ಹೆಚ್ಚಾಗಿದೆ. ಅವರಿಗೆ ಹೇಳುವುದನ್ನೇ ತಮ್ಮ ಓದುಗರ ಮುಂದೆಯೂ, ಅವರಿಗೆ ಹೇಳಿ ಪ್ರಯೋಜನವಿಲ್ಲದ್ದನ್ನು ನಗರಪಾಲಿಕೆಯ ಮುಂದೆಯೂ ಇಡುವುದು ಈ ಪತ್ರದ ಉದ್ದೇಶ.

ಶೆಡ್ಡನ್ನು ಕೋಣೆ ಮಾಡಿಕೊಳ್ಳುವುದೇ ತಪ್ಪೆಂಬ ವಾದ ನನ್ನದಲ್ಲ. ಪಿಂಚಣಿದಾರರ ಸ್ವರ್ಗವೆಂದು ಹೆಸರಾದ ಈ ಊರಿನಲ್ಲಿ, ನಿವೃತ್ತಿಗೆ ಮುಂಚೆ ಸಾಲ ಮಾಡಿ ಮಹಡಿ ಮನೆ ಕಟ್ಟಿಸಿ, ಮಲಗುವ ಕೋಣೆಗಳನ್ನೆಲ್ಲ ಮೇಲಿಟ್ಟುಕೊಂಡ ದಂಪತಿಗಳಿಗೆ ವಯಸ್ಸು ಎಪ್ಪತ್ತೈದು ದಾಟಿದ ಮೇಲೆ ಮೆಟ್ಟಿಲು ಹತ್ತಿ ಇಳಿಯುವುದೇ ದಿನದ ದೊಡ್ಡ ಕೆಲಸವಾಗಿಬಿಡುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಓಡಿಸುವವರಿಲ್ಲವೆಂದು ಕಾರನ್ನು ಮಾರಿಯಾಗಿರುತ್ತದೆ. ನೆಲಮಟ್ಟದಲ್ಲಿರುವ ಹತ್ತಡಿ ಇಪ್ಪತ್ತಡಿಯ ಶೆಡ್ಡು ಹಳೆಯ ಪೇಪರುಗಳಿಗೂ ದಸರಾಕ್ಕೊಮ್ಮೆ ಹೊರಬರುವ ಗೊಂಬೆ ಪೆಟ್ಟಿಗೆಗಳಿಗೂ ಉಗ್ರಾಣವಾಗಿ ಬಿದ್ದಿರುತ್ತದೆ. ಅದನ್ನು ಅಜ್ಜಿಯ ಕೋಣೆ ಮಾಡಿ ಪಕ್ಕದಲ್ಲೊಂದು ಬಚ್ಚಲು ಕಟ್ಟಿಸೋಣವೆಂದು ಮನೆಯವರಿಗೆ ಅನ್ನಿಸಿದರೆ ಅದರಲ್ಲಿ ಆಕ್ಷೇಪಿಸುವುದೇನಿದೆ? ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಹತ್ತಿರವಿರುವ ಸರಸ್ವತಿಪುರಂ, ಕುವೆಂಪುನಗರಗಳಲ್ಲಿ ಅದು ವಿದ್ಯಾರ್ಥಿಗಳ ಬಾಡಿಗೆ ಕೋಣೆಯಾಗುತ್ತದೆ. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರ ತಂಗುದಾಣವಾಗುತ್ತದೆ. ಇನ್ನು ಕೆಲವೆಡೆ ಗೃಹಿಣಿಯರ ಹೊಲಿಗೆ ಯಂತ್ರಕ್ಕೋ ಸಂಜೆಯ ಟ್ಯೂಷನ್ನಿಗೋ ಜಾಗವಾಗುತ್ತದೆ. ಇವೆಲ್ಲ ನ್ಯಾಯವಾದ ಅಗತ್ಯಗಳೇ.

ಆದರೆ ಶೆಡ್ಡನ್ನು ಯುಟಿಲಿಟಿ ಮಾಡಿಕೊಳ್ಳುವುದಕ್ಕೂ ಅದರಲ್ಲಿ ಮನುಷ್ಯರನ್ನು ಮಲಗಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ವಾಷಿಂಗ್ ಮೆಷಿನ್, ಒಗೆಯುವ ಕಲ್ಲು, ಗ್ರೈಂಡರು, ಅಕ್ಕಿಯ ಮೂಟೆ, ಯುಪಿಎಸ್ ಬ್ಯಾಟರಿ ಇವುಗಳನ್ನಿಡುವ ಜಾಗಕ್ಕೆ ಒಂದು ನಲ್ಲಿ, ನೀರು ಹರಿದುಹೋಗಲು ಒಂದು ದಾರಿ, ಒಂದೆರಡು ಕಡಪ ಕಲ್ಲಿನ ಶೆಲ್ಫು ಇದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಹೆಚ್ಚುಕಡಿಮೆ ಎಲ್ಲ ಶೆಡ್ಡುಗಳೂ ಅದಕ್ಕೆ ಒಗ್ಗುತ್ತವೆ. ದಿನಕ್ಕೆ ಎಂಟು ಗಂಟೆ ಬಾಗಿಲು ಹಾಕಿಕೊಂಡು ಒಬ್ಬ ಮನುಷ್ಯ ಉಸಿರಾಡುವ ಜಾಗದ ಮಾತೇ ಬೇರೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿ ಗ್ಯಾರೇಜಿಗೂ ವಾಸದ ಕೋಣೆಗೂ ಬೇರೆ ಬೇರೆ ಅಳತೆಗಳನ್ನು ಕೊಟ್ಟಿದೆ. ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರು ಸಾಕೆಂದು ಅದು ಹೇಳುತ್ತದೆ. ಒಂದು ಖಾಸಗಿ ಗ್ಯಾರೇಜು 3 ಮೀಟರು ಅಗಲ, 6 ಮೀಟರು ಉದ್ದ ಇದ್ದರೆ ಅದರ ವಿಸ್ತೀರ್ಣ ಇದರ ಎರಡರಷ್ಟಿಗೆ ಹತ್ತಿರವಾಗುತ್ತದೆ. ಆದ್ದರಿಂದಲೇ ಶೆಡ್ಡಿನೊಳಗೆ ನಿಂತು ನೋಡಿದವರಿಗೆ ಜಾಗ ಧಾರಾಳವಾಗಿದೆ ಎನ್ನಿಸುತ್ತದೆ. ಕೊರತೆಯಿರುವುದು ವಿಸ್ತೀರ್ಣದಲ್ಲಲ್ಲ; ನೆಲದ ಮಟ್ಟದಲ್ಲಿ, ಸೂರಿನ ಎತ್ತರದಲ್ಲಿ ಮತ್ತು ಗಾಳಿಯಲ್ಲಿ.

ನೆಲದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹಾಳಾಗುವುದು ಅಲ್ಲಿಂದಲೇ. ಸಂಹಿತೆಯ ಪ್ರಕಾರ ಮನೆಯೊಳಗಿನ ನೆಲದ ಮಟ್ಟ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರು, ಅಂದರೆ ಒಂದೂವರೆ ಅಡಿ ಎತ್ತರದಲ್ಲಿರಬೇಕು. ಕಾರು ಹತ್ತಿ ಇಳಿಯಬೇಕಾದ ಗ್ಯಾರೇಜಿಗೆ 15 ಸೆಂಟಿಮೀಟರಿನ ಎತ್ತರವಿದ್ದರೆ ಸಾಕು. ನಮ್ಮ ಹಳೆಯ ಬಡಾವಣೆಗಳಲ್ಲಿ ಆ ಅರ್ಧ ಅಡಿಯೂ ಈಗ ಉಳಿದಿಲ್ಲ. ಪ್ರತಿ ಬಾರಿ ರಸ್ತೆ ದುರಸ್ತಿಯಾದಾಗಲೂ ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೆಯೇ ಹೊಸ ಡಾಂಬರು ಸುರಿಯುತ್ತಾ ಬಂದಿರುವುದರಿಂದ, ಎಪ್ಪತ್ತು ಎಂಬತ್ತರ ದಶಕದಲ್ಲಿ ರಸ್ತೆಗಿಂತ ಮೇಲಿದ್ದ ಎಷ್ಟೋ ಶೆಡ್ಡುಗಳ ನೆಲ ಇಂದು ರಸ್ತೆಗಿಂತ ಕೆಳಗಿದೆ. ಮೇ ತಿಂಗಳ ಗುಡುಗು ಮಳೆಯಾಗಲಿ ಅಕ್ಟೋಬರಿನ ಜಡಿಮಳೆಯಾಗಲಿ ಬಂದಾಗ ನೀರು ಗೇಟಿನಡಿಯಿಂದ ನೇರವಾಗಿ ಒಳಗೆ ಬರುತ್ತದೆ. ಕಾರಿನ ಟೈರು ಒದ್ದೆಯಾದರೆ ಯಾರಿಗೂ ನಷ್ಟವಿರಲಿಲ್ಲ. ಅದೇ ಜಾಗದಲ್ಲಿ ಈಗ ಹಾಸಿಗೆಯಿದೆ.

ಮಳೆ ನೀರು ಕಣ್ಣಿಗೆ ಕಾಣುತ್ತದೆ, ಅದನ್ನು ಬಳಿದು ಹಾಕಬಹುದು. ನೆಲದೊಳಗಿಂದ ಏರುವ ತೇವ ಹಾಗಲ್ಲ. ಶೆಡ್ಡಿನ ನೆಲಕ್ಕೆ ಸಾಮಾನ್ಯವಾಗಿ ದಮ್ಮಸ್ಸು ಮಾಡಿದ ಮಣ್ಣಿನ ಮೇಲೆ ಮೂರು ನಾಲ್ಕು ಅಂಗುಲ ಕಾಂಕ್ರೀಟು ಹಾಕಿ ಸಿಮೆಂಟು ಗಾರೆ ಬಳಿದಿರುತ್ತಾರೆ. ಗೋಡೆಯ ಬುಡದಲ್ಲಿ ತೇವ ತಡೆಯುವ ಪದರವನ್ನು ಹಾಕಿರುವುದಿಲ್ಲ, ಕಾರಿಗೆ ಅದೆಲ್ಲ ಏಕೆಂದು. ಈಚೆಗೆ ನಾನು ಹೊಕ್ಕು ನೋಡಿದ ಒಂದು ಕೋಣೆಯಲ್ಲಿ ಹೊಸ ಟೈಲ್ಸು ಥಳಥಳಿಸುತ್ತಿದ್ದವು, ಗೋಡೆಗೆ ತಿಳಿ ನೀಲಿ ಬಣ್ಣ ಬಳಿದಿತ್ತು. ಮಂಚದ ತಲೆಯ ಕಡೆ ಬಗ್ಗಿ ನೋಡಿದರೆ ಮಂಡಿಯ ಎತ್ತರದವರೆಗೆ ಬಣ್ಣ ಹೊಪ್ಪಳಿಕೆಯೆದ್ದು, ಉಗುರಿನಿಂದ ಕೆರೆದರೆ ಬಿಳಿಯ ಉಪ್ಪು ಪುಡಿಪುಡಿಯಾಗಿ ಉದುರುತ್ತಿತ್ತು. ಕೋಣೆಯ ನಡುವೆ ಒಂದು ಜಾಗದಲ್ಲಿ ಟೈಲ್ಸನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುತ್ತಿತ್ತು. ಕಾರಿನ ಎಂಜಿನ್ ಆಯಿಲ್ ವರ್ಷಗಟ್ಟಲೆ ಸೋರಿ ಇಂಗಿದ್ದ ಜಾಗವದು. ಎಣ್ಣೆ ಕುಡಿದ ಕಾಂಕ್ರೀಟನ್ನು ಕೊಚ್ಚಿ ತೆಗೆಯದೆ ಮೇಲೆ ಸಿಮೆಂಟು ಹಾಸಿ ಟೈಲ್ಸು ಅಂಟಿಸಿದರೆ ಅದು ಹಿಡಿಯುವುದಿಲ್ಲವೆಂದು ಅನುಭವಸ್ಥ ಮೇಸ್ತ್ರಿಗಳಿಗೆ ಗೊತ್ತು. ಬಾಡಿಗೆಗಿದ್ದ ಹುಡುಗ ಪುಸ್ತಕಗಳ ಪೆಟ್ಟಿಗೆಯನ್ನು ಇಟ್ಟಿಗೆಗಳ ಮೇಲಿಟ್ಟುಕೊಂಡಿದ್ದ.

ಇಂಥ ಗೋಡೆಗೆ ಒಳಗಡೆಯಿಂದ ವಾಟರ್‌ಪ್ರೂಫ್ ಬಣ್ಣ ಬಳಿಸುವವರೇ ಹೆಚ್ಚು. ಆ ಬಣ್ಣ ತೇವವನ್ನು ನಿಲ್ಲಿಸುವುದಿಲ್ಲ. ಹೊರಹೋಗುವ ದಾರಿಯನ್ನು ಮುಚ್ಚಿ ಅದು ಇನ್ನೂ ಮೇಲೇರುವಂತೆ ಮಾಡುತ್ತದೆ. ಹಳೆಯ ನೆಲವನ್ನು ಕಿತ್ತು, ಗೆದ್ದಲಿನ ಔಷಧಿ ಸಿಂಪಡಿಸಿ, ಸೈಜುಗಲ್ಲಿನ ಸೋಲಿಂಗ್ ಕೂರಿಸಿ, ಜಲ್ಲಿ ಮರಳು ತುಂಬಿ, ದಪ್ಪ ಪಾಲಿಥೀನ್ ಹಾಳೆಯನ್ನು ಗೋಡೆಯ ಅಂಚಿನಲ್ಲಿ ಮೇಲಕ್ಕೆ ಮಡಿಚುವಂತೆ ಹಾಸಿ, ಅದರ ಮೇಲೆ ಬೆಡ್ ಕಾಂಕ್ರೀಟು ಹಾಕಿ ನೆಲವನ್ನು ಎತ್ತರಿಸುವುದು ಸರಿಯಾದ ಕ್ರಮ. ಗೋಡೆಯ ಬುಡದ ಉಪ್ಪು ಹಿಡಿದ ಗಾರೆಯನ್ನು ಪೂರ್ತಿ ಕೆಡವಿ, ಇಟ್ಟಿಗೆ ಒಣಗಲು ಬಿಟ್ಟು ಆಮೇಲೆ ಹೊಸ ಗಾರೆ ಮಾಡಿಸಬೇಕು. ಇದಕ್ಕೆ ಖರ್ಚು ಹೆಚ್ಚು, ಸಮಯವೂ ಹೆಚ್ಚು. ಟೈಲ್ಸಿನ ಬಣ್ಣವನ್ನು ಆರಿಸಲು ಅಂಗಡಿಯಿಂದ ಅಂಗಡಿಗೆ ಅಲೆಯುವವರು ಟೈಲ್ಸಿನ ಕೆಳಗೇನಿದೆ ಎಂದು ಕೇಳುವುದೇ ಇಲ್ಲ.

ನೆಲ ಎತ್ತರಿಸಿದರೆ ಸೂರು ಹತ್ತಿರವಾಗುತ್ತದೆ. ವಾಸದ ಕೋಣೆಗೆ ಕನಿಷ್ಠ 2.75 ಮೀಟರು, ಅಂದರೆ ಒಂಬತ್ತು ಅಡಿ ಎತ್ತರವಿರಬೇಕು, ಗ್ಯಾರೇಜಿಗೆ 2.4 ಮೀಟರು ಸಾಕು. ಇಲ್ಲಿ ಎರಡು ಬಗೆಯ ಶೆಡ್ಡುಗಳನ್ನು ಬೇರೆ ಮಾಡಿ ನೋಡಬೇಕು. ಕುವೆಂಪುನಗರ, ರಾಮಕೃಷ್ಣನಗರ, ವಿಜಯನಗರಗಳ ಆರ್‌ಸಿಸಿ ಮನೆಗಳಲ್ಲಿ ಕಾರು ನಿಲ್ಲುವ ಜಾಗ ಮನೆಯದೇ ಸೂರಿನ ಕೆಳಗಿರುತ್ತದೆ. ಮನೆಯ ನೆಲ ಎರಡಡಿ ಮೇಲಿದ್ದು ಕಾರಿನ ನೆಲ ಕೆಳಗಿರುವುದರಿಂದ ಅಲ್ಲಿಯ ಎತ್ತರ ಒಳಕೋಣೆಗಳಿಗಿಂತ ಎರಡಡಿ ಹೆಚ್ಚೇ ಇರುತ್ತದೆ. ಅಂಥ ಕಡೆ ನೆಲವನ್ನು ಮನೆಯ ಮಟ್ಟಕ್ಕೆ ತಂದರೂ ಯಾವ ತೊಂದರೆಯೂ ಇಲ್ಲ, ಅಜ್ಜಿಗೆ ನಡುಮನೆಯಿಂದ ಕೋಣೆಗೆ ಹೋಗಲು ಹೊಸ್ತಿಲು ದಾಟುವ ಕಷ್ಟವೂ ತಪ್ಪುತ್ತದೆ. ಯಾದವಗಿರಿ, ಲಕ್ಷ್ಮೀಪುರಂ, ಸರಸ್ವತಿಪುರಂಗಳ ಹಳೆಯ ಮನೆಗಳಲ್ಲಾದರೋ ಮೋಟಾರು ಶೆಡ್ಡು ಸೈಟಿನ ಹಿಂಬದಿಯ ಮೂಲೆಯಲ್ಲಿ ಕಾಂಪೌಂಡಿಗೋ ಹಿಂದಿನ ಕನ್ಸರ್ವೆನ್ಸಿ ಓಣಿಗೋ ತಾಗಿಕೊಂಡು ಬೇರೆಯಾಗಿಯೇ ನಿಂತಿರುತ್ತದೆ. ಅದರ ಸೂರು ತಗ್ಗು. ನೆಲವನ್ನು ಒಂದಡಿ ಏರಿಸಿದರೆ ಉಳಿಯುವುದು ಏಳಡಿ. ಸ್ವಲ್ಪ ಉದ್ದವಾದ ಹುಡುಗ ಬನಿಯನ್ ಹಾಕಿಕೊಳ್ಳಲು ಕೈ ಎತ್ತಿದರೆ ಫ್ಯಾನಿನ ರೆಕ್ಕೆ ತಗಲುತ್ತದೆ. ಮೇಲೆ ಸಿಮೆಂಟು ಶೀಟೋ ಜಿಂಕ್ ಶೀಟೋ ಇದ್ದರಂತೂ ಏಪ್ರಿಲ್ ಮಧ್ಯಾಹ್ನ ಒಳಗಿರುವವರು ಕಾದ ಕಾವಲಿಯ ಕೆಳಗೆ ಕುಳಿತಂತೆಯೇ ಸರಿ. ಅಂಥ ಶೆಡ್ಡಿನ ಸೂರನ್ನು ಬಿಚ್ಚಿ ಗೋಡೆ ಎತ್ತರಿಸಲು ಸಾಧ್ಯವಿದ್ದರೆ ವಾಸಕ್ಕೆ ಯೋಚಿಸಬಹುದು. ಇಲ್ಲವಾದರೆ ಅದು ಯುಟಿಲಿಟಿಯಾಗಿಯೇ ಇರಲಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ, ಕೇಳಿದವರಿಗೆ ಬೇಸರವಾದರೂ.

ಗಾಳಿಯ ವಿಷಯದಲ್ಲಿ ಲೆಕ್ಕ ಸುಲಭ. ಕಿಟಕಿಗಳ ವಿಸ್ತೀರ್ಣ ಆಯಾ ಪ್ರದೇಶದ ಹವೆಗೆ ತಕ್ಕಂತೆ ಕೋಣೆಯ ನೆಲದ ಆರರಲ್ಲೊಂದರಿಂದ ಹನ್ನೆರಡರಲ್ಲೊಂದು ಭಾಗದವರೆಗೆ ಇರಬೇಕೆಂಬುದು ಬಹುಕಾಲದ ನಿಯಮ. ತೀರ ಸೆಖೆಯೂ ಅಲ್ಲದ ತೀರ ಚಳಿಯೂ ಅಲ್ಲದ ಊರಿಗೆ ಎಂಟರಲ್ಲೊಂದು ಎಂದು ಹಿಡಿದರೂ 18 ಚದರ ಮೀಟರಿನ ಕೋಣೆಗೆ ನಾಲ್ಕಡಿ ಮೂರಡಿಯ ಎರಡು ಕಿಟಕಿಗಳು ಬೇಕು, ಮತ್ತು ಅವು ಬಯಲಿಗೆ ತೆರೆದುಕೊಳ್ಳಬೇಕು. ಮೂರು ಕಡೆ ಕಾಂಪೌಂಡಿಗೆ ಅಂಟಿಕೊಂಡ ಶೆಡ್ಡಿನಲ್ಲಿ ಅವನ್ನು ಇಡುವುದೆಲ್ಲಿ? ಪಕ್ಕದ ಮನೆಯವರ ಅಂಗಳಕ್ಕೆ ಕಿಟಕಿ ತೆರೆದರೆ ಜಗಳ. ಹಾಗಾಗಿ ಶಟರನ್ನು ಅರ್ಧ ಎತ್ತಿಟ್ಟುಕೊಂಡು ಮಲಗುವವರಿದ್ದಾರೆ. ಸೊಳ್ಳೆಗೂ ನಾಯಿಗೂ ಹೆದರಿ ಪೂರ್ತಿ ಇಳಿಸಿಕೊಂಡು ಬೆವರುವವರೂ ಇದ್ದಾರೆ. ಶೆಡ್ಡು ಯಾವ ಮೂಲೆಯಲ್ಲಿದೆ, ಬಾಗಿಲು ಯಾವ ದಿಕ್ಕಿಗಿರಬೇಕು ಎಂದು ವಾಸ್ತು ಹೇಳುವವರನ್ನು ಕರೆಸಿ ದಕ್ಷಿಣೆ ಕೊಡುವ ಮನೆಯೊಡೆಯರು ಕಿಟಕಿಯ ಮಾತು ಬಂದಾಗ ಎಕ್ಸಾಸ್ಟ್ ಫ್ಯಾನು ಹಾಕಿಸಿದರಾಯಿತು ಎನ್ನುತ್ತಾರೆ.

ಈ ಊರಿಗೆ ಗಾಳಿ ಬೆಳಕಿನ ಮಹತ್ವವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು, ಕೋಟೆಯ ಸುತ್ತಲಿನ ಕಿಕ್ಕಿರಿದ ಕೇರಿಗಳಲ್ಲಿ ಜನ ಸತ್ತ ಮೇಲೆ, 1903ರಲ್ಲಿ ಮೈಸೂರಿಗೆ ನಗರ ಸುಧಾರಣೆಯ ಟ್ರಸ್ಟ್ ಬೋರ್ಡು ಬಂತು. ಅಗಲವಾದ ರಸ್ತೆಗಳು, ಮನೆಯ ಸುತ್ತ ಬಿಡುವು, ಹಿಂದುಗಡೆ ಕನ್ಸರ್ವೆನ್ಸಿ ಇರುವ ಬಡಾವಣೆಗಳು ಎದ್ದದ್ದು ಆ ಕಾಲದ ಎಚ್ಚರದಿಂದ. ನಾವೀಗ ಅದೇ ಬಿಡುವಿನ ಜಾಗದಲ್ಲಿ ಕಿಟಕಿಯಿಲ್ಲದ ಕೋಣೆಗಳನ್ನು ಮಾಡಿ ಬಾಡಿಗೆಗೆ ಕೊಡುತ್ತಿದ್ದೇವೆ.

ಶಟರು ತೆಗೆದು ಆ ಜಾಗಕ್ಕೆ ಗೋಡೆ ಕಟ್ಟುವಾಗ ಆಗುವ ಒಂದು ಲೋಪವನ್ನು ಹೇಳಬೇಕು. ಎಂಟು ಒಂಬತ್ತು ಅಡಿ ಅಗಲದ ಆ ಬಾಯಿಯ ಕೆಳಗೆ ತಳಪಾಯವಿರುವುದಿಲ್ಲ, ಬರಿಯ ನೆಲದ ಕಾಂಕ್ರೀಟು ಇರುತ್ತದೆ. ಅದರ ಮೇಲೆ ನೇರವಾಗಿ ಆರಂಗುಲದ ಸಾಲಿಡ್ ಬ್ಲಾಕಿನ ಗೋಡೆ ಎಬ್ಬಿಸಿದರೆ ಒಂದೆರಡು ಮಳೆಗಾಲದಲ್ಲಿ ನೆಲ ಕುಸಿದು, ಹಳೆಯ ಗೋಡೆಗೂ ಹೊಸ ಗೋಡೆಗೂ ನಡುವೆ ಬಿರುಕು ಬಿಡುತ್ತದೆ. ಎರಡು ಪಿಲ್ಲರುಗಳ ನಡುವೆ ನೆಲಮಟ್ಟದಲ್ಲಿ ಸಣ್ಣದೊಂದು ಕಾಂಕ್ರೀಟು ತೊಲೆ (ಪ್ಲಿಂತ್ ಬೀಮ್) ಹಾಕಿಸಿದರೆ ಈ ರಗಳೆಯಿಲ್ಲ. ಇನ್ನೂ ಒಳ್ಳೆಯದೆಂದರೆ ಗೋಡೆಯನ್ನೇ ಕಟ್ಟದೆ, ಮರದ್ದೋ ಯುಪಿವಿಸಿ ಪ್ಲಾಸ್ಟಿಕ್ಕಿನದೋ ಚೌಕಟ್ಟಿನಲ್ಲಿ ಬಾಗಿಲು ಕಿಟಕಿಗಳನ್ನು ಕೂರಿಸಿ ಆ ಬಾಯಿಯನ್ನು ಮುಚ್ಚುವುದು: ಬೇಕಾದ ಬೆಳಕು ಅಲ್ಲೇ ಸಿಗುತ್ತದೆ, ನಾಳೆ ಮಗನೋ ಮನೆ ಕೊಂಡವರೋ ಮತ್ತೆ ಕಾರು ನಿಲ್ಲಿಸುತ್ತೇವೆಂದರೆ ಆ ಭಾಗವನ್ನು ಬಿಚ್ಚುವುದೂ ಸುಲಭ. ಮನೆಯಿಂದ ಶೆಡ್ಡಿಗೆ ಹೊಸ ಬಾಗಿಲು ಕೊರೆಯುವವರು, ಮನೆ ಪಿಲ್ಲರಿನದೋ ಅಥವಾ ಗೋಡೆಗಳ ಮೇಲೆಯೇ ಸೂರು ಕೂತಿರುವ ಹಳೆಯ ಕಾಲದ್ದೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಎರಡನೆಯದಾದರೆ ಲಿಂಟಲ್ ಕೂರಿಸುವ ಮುನ್ನ ಸೂರಿಗೆ ಆಸರೆ ಕಂಬ ಕೊಡದೆ ಗೋಡೆ ಒಡೆಯಲು ಕೆಲಸದವರನ್ನು ಬಿಡಕೂಡದು.

ಪ್ರಾಣಕ್ಕೇ ಸಂಬಂಧಿಸಿದ್ದು ಗ್ಯಾಸು. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ, ಸೋರಿದಾಗ ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ. ನೆಲಕ್ಕಿಳಿದು ತಗ್ಗಿರುವ ಕಡೆಗೆ ಹರಿದು ಅಲ್ಲೇ ನಿಲ್ಲುತ್ತದೆ. ಮನೆಯ ನೆಲ ಮೇಲೆ, ಶೆಡ್ಡಿನ ನೆಲ ಕೆಳಗೆ, ನಡುವೆ ಒಂದು ಬಾಗಿಲು ಎಂಬ ರಚನೆಯಲ್ಲಿ ಅಡುಗೆಮನೆಯಲ್ಲಿ ಸೋರಿದ ಗ್ಯಾಸು ಕೂಡ ಬಂದು ಸೇರುವುದು ಆ ಕೆಳಗಿನ ಕೋಣೆಗೇ. ಸಿಲಿಂಡರನ್ನೂ ಅಲ್ಲಿಟ್ಟರೆ ಹೇಳುವುದೇ ಬೇಡ. ಅಂಥ ಕೋಣೆಯಲ್ಲಿ ನೆಲದ ಮಟ್ಟದಲ್ಲೇ ಹೊರಗೋಡೆಗೆ ಜಾಲಂಧ್ರವಿರಬೇಕು, ಮತ್ತು ಅದರ ಹೊರಬದಿ ತಗ್ಗಾಗಿರಬಾರದು. ಯುಪಿಎಸ್ಸಿನ ಆಸಿಡ್ ಬ್ಯಾಟರಿ ಚಾರ್ಜಾಗುವಾಗ ಹೊರಬರುವ ಹೈಡ್ರೋಜನ್ನಿಗೆ ಇದರ ತದ್ವಿರುದ್ಧ ಗುಣ, ಅದು ಸೂರಿನಡಿಗೆ ಏರುತ್ತದೆ. ಆದ್ದರಿಂದ ಬ್ಯಾಟರಿಯಿರುವ ಕಡೆ ಮೇಲೊಂದು ಗವಾಕ್ಷಿ ಬೇಕು. ಮೂರನೆಯದು ಗ್ಯಾಸ್ ಗೀಸರು. ಶೆಡ್ಡಿನ ಮೂಲೆಯಲ್ಲಿ ನಾಲ್ಕಡಿ ಐದಡಿಯ ಬಚ್ಚಲು ಕಟ್ಟಿ, ಕಿಟಕಿಯಿಲ್ಲದ ಆ ಗೂಡಿನೊಳಗೇ ಗೀಸರು ನೇತು ಹಾಕುವುದು ಬಾಡಿಗೆ ಕೋಣೆಗಳಲ್ಲಿ ವಾಡಿಕೆಯಾಗಿದೆ. ಆಮ್ಲಜನಕ ಸಾಲದೆ ಉರಿಯುವ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡೆಂಬ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ನಾನಕ್ಕೆ ಹೋದವರು ಬಾಗಿಲು ತೆರೆಯಲಿಲ್ಲವೆಂಬ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಚಳಿಗಾಲದಲ್ಲಿ ಓದುತ್ತಲೇ ಇದ್ದೇವೆ. ಗೀಸರು ಬಚ್ಚಲಿನ ಹೊರಗೆ, ಬಯಲ ಗಾಳಿಯಲ್ಲಿರಬೇಕು.

ನೀರಿನ ಹೊರದಾರಿಯ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಬಟ್ಟೆ ಒಗೆದ ನೀರನ್ನು ಮಳೆನೀರಿನ ಚರಂಡಿಗೆ ಬಿಡಕೂಡದು, ಅದು ಒಳಚರಂಡಿಯ (ಯುಜಿಡಿ) ಛೇಂಬರಿಗೇ ಸೇರಬೇಕು. ಶೆಡ್ಡಿನ ನೆಲ ಛೇಂಬರಿನ ಮುಚ್ಚಳಕ್ಕಿಂತ ತಗ್ಗಿದ್ದರೆ ರಸ್ತೆಯ ಮ್ಯಾನ್‌ಹೋಲು ಕಟ್ಟಿಕೊಂಡ ದಿನ ಕೊಳಚೆ ನೀರು ಮೊದಲು ಹಿಮ್ಮೆಟ್ಟಿ ಬರುವುದು ಶೆಡ್ಡಿನ ಕಕ್ಕಸಿಗೆ. ನೆಲ ಎತ್ತರಿಸಲು ಇದೂ ಒಂದು ಕಾರಣ. ವೈರಿಂಗಿನಲ್ಲಿ, ಒಂದೇ ಬಲ್ಬಿಗೆಂದು ಎಳೆದಿದ್ದ ಹಳೆಯ ತಂತಿಗೆ ಗೀಸರು, ಇಂಡಕ್ಷನ್ ಒಲೆ, ಸ್ಕೂಟರಿನ ಚಾರ್ಜರು ಎಲ್ಲವನ್ನೂ ಜೋಡಿಸುವುದನ್ನು ನಿಲ್ಲಿಸಿ, ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನು, ಅರ್ಥಿಂಗು ಮತ್ತು ಕರೆಂಟು ಸೋರಿದರೆ ತಾನಾಗಿ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಸಾಕು. ಒದ್ದೆ ನೆಲದ ಕೋಣೆಗೆ ಇದು ಶೋಕಿಯಲ್ಲ.

ಇಷ್ಟೆಲ್ಲ ತಿಳಿದವರಿದ್ದೂ ಕೆಲಸ ಏಕೆ ಹೀಗೆ ನಡೆಯುತ್ತಿದೆ? ಮುಚ್ಚಿಟ್ಟು ಮಾಡುವುದರಿಂದ, ಎಂಬುದು ನನ್ನ ಉತ್ತರ. ಮನೆಯ ನಕ್ಷೆಗೆ ಮಂಜೂರಾತಿ ಕೊಡುವಾಗ ಕಾರಿನ ಜಾಗವನ್ನು ಎಫ್‌ಎಆರ್ ಲೆಕ್ಕದಿಂದ, ಅಂದರೆ ಸೈಟಿನ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿಯ ಲೆಕ್ಕದಿಂದ, ಬಿಟ್ಟಿರುತ್ತಾರೆ. ಅದು ಕೋಣೆಯಾದ ಕೂಡಲೇ ಲೆಕ್ಕಕ್ಕೆ ಸೇರುತ್ತದೆ, ಜೊತೆಗೆ ನಕ್ಷೆಯಲ್ಲಿ ತೋರಿಸಿದ ಪಾರ್ಕಿಂಗು ಇಲ್ಲವಾಗುತ್ತದೆ. ಹೀಗಾಗಿ ಕಾಗದದ ಮೇಲೆ ಅದು ನಕ್ಷೆಯ ಉಲ್ಲಂಘನೆ, ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ 1976ರ ಅಧಿನಿಯಮದಡಿ ನೋಟಿಸಿಗೆ ಯೋಗ್ಯ. ನೋಟಿಸಿನ ಭಯವಿರುವವರು ಎಂಜಿನಿಯರನ್ನು ಕರೆಯುವುದಿಲ್ಲ, ಹೊರಗೋಡೆಗೆ ಕಿಟಕಿ ಒಡೆಯುವುದಿಲ್ಲ, ಶಟರು ಕಿತ್ತರೆ ಗೊತ್ತಾಗುತ್ತದೆಂದು ಅದನ್ನು ಹಾಗೇ ಬಿಟ್ಟು ಒಳಗಡೆ ಪ್ಲೈವುಡ್ ಬಡಿಯುತ್ತಾರೆ. ಅಕ್ರಮ–ಸಕ್ರಮ ಯೋಜನೆ ಬಂದಾಗ ಎಲ್ಲವೂ ಒಮ್ಮೆಗೇ ಸರಿಹೋಗುತ್ತದೆಂದು ಕಾದವರಿಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿದ ಮೇಲೆ ಆ ದಾರಿಯೂ ಉಳಿಯಲಿಲ್ಲ. ಸ್ವಾಧೀನಾನುಭವ ಪತ್ರ (ಓಸಿ) ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಅದೇ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲಂತೂ ಶೆಡ್ಡಿಗೆ ಬೇರೆ ಮೀಟರು ಕೇಳುವ ಧೈರ್ಯ ಯಾರಿಗೂ ಇಲ್ಲ. ಮನೆಯ ಪ್ಲಗ್ಗಿನಿಂದಲೇ ಬಾಡಿಗೆದಾರರಿಗೆ ತಂತಿ ಎಳೆಯುತ್ತಾರೆ.

ನಿಯಮ ಮುರಿದವರ ಪರವಾಗಿ ನಾನು ವಕಾಲತ್ತು ವಹಿಸುತ್ತಿಲ್ಲ. ಎಲ್ಲ ಶೆಡ್ಡುಗಳೂ ಕೋಣೆಗಳಾದರೆ ಕಾರುಗಳು ರಸ್ತೆಗೆ ಬೀಳುತ್ತವೆ, ಮೂವತ್ತು ಅಡಿಯ ರಸ್ತೆಯ ಎರಡೂ ಬದಿ ಕಾರು ನಿಂತರೆ ಆಂಬುಲೆನ್ಸಿಗೆ ದಾರಿಯಿರುವುದಿಲ್ಲ ಎನ್ನುವವರ ಮಾತು ಸತ್ಯ. ಎರಡು ಕಾರಿಟ್ಟುಕೊಂಡು, ಶೆಡ್ಡನ್ನು ಬಾಡಿಗೆಗೆ ಕೊಟ್ಟು, ಮನೆ ಮುಂದಿನ ರಸ್ತೆಯಲ್ಲಿ ಹೂಕುಂಡ ಇಟ್ಟು ಪಾರ್ಕಿಂಗ್ ಹಿಡಿದಿಡುವವರಿಗೆ ಯಾವ ಅನುಮತಿಯೂ ಸಲ್ಲದು. ಆದರೆ ಕಾರೇ ಇಲ್ಲದ ವೃದ್ಧ ದಂಪತಿಯನ್ನೂ ಇವರನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಇಬ್ಬರಿಗೂ ಬಾಗಿಲು ಮುಚ್ಚಿ, ಇಬ್ಬರನ್ನೂ ಕಂಡೂ ಕಾಣದಂತಿರುವ ಈಗಿನ ಪದ್ಧತಿಯಿಂದ ಯಾರಿಗೂ ಉಪಕಾರವಾಗಿಲ್ಲ.

ಆದ್ದರಿಂದ ನಗರಪಾಲಿಕೆಯನ್ನೂ ನಗರದ ಅಭಿವೃದ್ಧಿ ಪ್ರಾಧಿಕಾರವನ್ನೂ ಕೇಳಿಕೊಳ್ಳುವುದೇನೆಂದರೆ, ಸ್ವಂತ ವಾಸದ ಮನೆಗಳಿಗಾದರೂ ಶೆಡ್ಡಿನ ಬಳಕೆಯನ್ನು ಬದಲಾಯಿಸಿಕೊಳ್ಳಲು ಪ್ರತ್ಯೇಕವಾದ ಸರಳ ಅನುಮತಿಯೊಂದನ್ನು ರೂಪಿಸಬೇಕು. ಯುಟಿಲಿಟಿ ಮಾಡಿಕೊಳ್ಳುವವರಿಂದ ಬರಿಯ ತಿಳಿವಳಿಕೆ ಪತ್ರ ಪಡೆದರೆ ಸಾಕು. ವಾಸಕ್ಕೆ ಬಳಸುವವರು ನೆಲದ ಮಟ್ಟ, ಸೂರಿನ ಎತ್ತರ, ಕಿಟಕಿಯ ಅಳತೆ, ಗೀಸರಿನ ಜಾಗ ಮತ್ತು ವೈರಿಂಗು ಸರಿಯಾಗಿವೆ ಎಂದು ನೋಂದಾಯಿತ ಎಂಜಿನಿಯರೊಬ್ಬರಿಂದ ದೃಢೀಕರಣ ತರಬೇಕು; ಮನೆಯಲ್ಲಿ ಕಾರಿದ್ದರೆ ಅದನ್ನು ನಿಲ್ಲಿಸಲು ಎಂಟಡಿ ಹದಿನಾರಡಿಯಷ್ಟು ಬೇರೆ ಜಾಗವನ್ನು ಕಾಂಪೌಂಡಿನೊಳಗೇ ತೋರಿಸಬೇಕು; ಮನೆ ಕೈ ಬದಲಾದಾಗ ಅನುಮತಿ ತಾನಾಗಿ ರದ್ದಾಗಿ, ಹೊಸ ಮಾಲೀಕರು ಮತ್ತೆ ಅರ್ಜಿ ಹಾಕುವಂತಿರಬೇಕು. ಬಾಡಿಗೆಗೆ ಕೊಡುವ ಕೋಣೆಗಳನ್ನು ವರ್ಷಕ್ಕೊಮ್ಮೆ ಯಾರಾದರೂ ಬಂದು ನೋಡಬೇಕು. ವಲಯ ನಿಯಮಾವಳಿ, ಕಟ್ಟಡ ಉಪವಿಧಿಗಳ ತಿದ್ದುಪಡಿಗೆ ಸರ್ಕಾರದ ಒಪ್ಪಿಗೆ ಬೇಕಾಗುತ್ತದೆ, ಅದಕ್ಕೆ ಕಾಲ ಹಿಡಿಯುತ್ತದೆ ಎಂಬುದು ನನಗೆ ತಿಳಿಯದ್ದೇನಲ್ಲ.

ಅದಕ್ಕೆ ಕಾಯದೆ ಈಗಲೇ ಮಾಡಬಹುದಾದ ಕೆಲಸವೂ ಒಂದಿದೆ. ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿಗಾಗಿ ಜನರು ಆಸ್ತಿ ತೆರಿಗೆ ಕಟ್ಟಲು ವಲಯ ಕಚೇರಿಗಳಿಗೆ ಬರುತ್ತಾರೆ. ಆಗ ತೆರಿಗೆಯ ನಮೂನೆಯೊಂದಿಗೆ ಇನ್ನೊಂದು ಹಾಳೆ ಕೊಟ್ಟು, ಮನೆಯಲ್ಲಿ ಶೆಡ್ಡು ಇದೆಯೇ, ಅದು ಈಗ ಯಾವುದಕ್ಕೆ ಬಳಕೆಯಾಗುತ್ತಿದೆ, ಅಲ್ಲಿ ಯಾರಾದರೂ ಮಲಗುತ್ತಾರೆಯೇ, ಕಿಟಕಿ ಎಷ್ಟಿವೆ ಎಂದು ಬರೆಸಿಕೊಳ್ಳಲಿ. ಬರೆದುಕೊಟ್ಟವರಿಗೆ ಅದೇ ಕಾರಣಕ್ಕೆ ನೋಟಿಸು ಕಳಿಸುವುದಿಲ್ಲವೆಂದು ಆಯುಕ್ತರು ಲಿಖಿತವಾಗಿ ಹೇಳಲಿ. ಹಾಳೆಯ ಹಿಂಬದಿಯಲ್ಲಿ ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗಿಡುವ ಬಗೆಯನ್ನು ಒಂದು ಚಿತ್ರದೊಂದಿಗೆ ಅಚ್ಚು ಹಾಕಿಸಿದರೆ ಹೆಚ್ಚಿನ ಖರ್ಚೇನೂ ಆಗದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಿವಿಲ್ ಎಂಜಿನಿಯರ್,
ಕುವೆಂಪುನಗರ, ಮೈಸೂರು